ಬಿಡಾರ ಎತ್ತುವವರಿಗೆ ಕೆಲವು ಮಾತು

34 ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ನಾವು 9 ಬಾಡಿಗೆಯ ಮನೆಗಳಲ್ಲಿ ವಾಸಮಾಡಿದೆವು. ತೀರ್ಥಹಳ್ಳಿಯ ಮಳೆಯನ್ನೂ ಬಳ್ಳಾರಿಯ ಬಿಸಿಲನ್ನೂ ನಮ್ಮ ಅವೇ ಪೆಟ್ಟಿಗೆಗಳು ಕಂಡಿವೆ. ಗೃಹವೆಂಬ ಶಬ್ದವು ಹಿಡಿಯುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿತೆಂದು ವೈಯಾಕರಣರು ಹೇಳುವರು. ನಮ್ಮ ಪಾಲಿಗೆ ಮಾತ್ರ ಗೃಹವೆಂದರೆ ಹಿಡಿದುದಕ್ಕಿಂತ ಬಿಟ್ಟುದೇ ಹೆಚ್ಚು. ಈಚೆಗೆ ನೆರೆಮನೆಯ ತರುಣ ದಂಪತಿಗಳು ವರ್ಗದ ಆಜ್ಞೆ ಬಂದುದರಿಂದ ಕಂಗೆಟ್ಟು ನಮ್ಮಲ್ಲಿಗೆ ಬಂದರು. ಅವರಿಗೆ ಹೇಳಿದುದನ್ನೂ, ಹೇಳಲು ನಾಲಗೆ ಏಳದೆ ಬಿಟ್ಟ ಒಂದು ಸಂಗತಿಯನ್ನೂ ಇಲ್ಲಿ ಬರೆಯುತ್ತೇವೆ.

ಆಷಾಢದಲ್ಲಿ ಮನೆ ಬದಲಾಯಿಸಬಾರದೆಂಬುದು ಹಿರಿಯರ ಮಾತು. ಮಳೆಗಾಲವನ್ನು ನೋಡಿದರೆ ಇದು ಯುಕ್ತವಾಗಿಯೇ ಇದೆ. ಆದರೆ ವರ್ಗದ ಆಜ್ಞೆಯು ಪಂಚಾಂಗವನ್ನು ನೋಡಿ ಬರುವುದಿಲ್ಲ. ಶಾಲೆಗಳು ತೆರೆಯುವುದೂ ಮುಂಗಾರು ಇಳಿಯುವುದೂ ಜೂನ್ ತಿಂಗಳಿನ ಆಸುಪಾಸಿನಲ್ಲಿಯೇ. ಆದಕಾರಣ ಲಾರಿಯ ಟಾರ್ಪಾಲನ್ನು ಸಾಮಾನು ಏರಿಸುವುದಕ್ಕೆ ಮೊದಲೇ ಬಿಚ್ಚಿಸಿ, ಬೆಳಕಿಗೆ ಹಿಡಿದು, ತೂತುಗಳಿವೆಯೋ ಎಂದು ಪರೀಕ್ಷಿಸತಕ್ಕದ್ದು. ಒಮ್ಮೆ ಸಾಗರದ ಹಾದಿಯಲ್ಲಿ ನಾವು ಈ ಪರೀಕ್ಷೆಯನ್ನು ಮಾಡಲಿಲ್ಲ. ನಮ್ಮ ತಂದೆಯವರು ಅಂಚಿನಲ್ಲಿ ಸ್ವಹಸ್ತದಿಂದ ಟಿಪ್ಪಣಿ ಬರೆದಿದ್ದ ಅಮರಕೋಶವು ನೆನೆದು, ಅದರ ಹಾಳೆಗಳು ಇಂದಿಗೂ ಸುಟ್ಟ ಹಪ್ಪಳದಂತೆ ಇವೆ. ಟಿಪ್ಪಣಿಯ ಮಸಿಯು ಅರ್ಧ ಅಳಿಸಿಹೋಗಿದೆ.

ಪುಸ್ತಕಗಳನ್ನು ಎಂದಿಗೂ ದೊಡ್ಡ ಪೆಟ್ಟಿಗೆಗೆ ತುಂಬಬಾರದು. ಒಬ್ಬನು ಎತ್ತಲಾರದ ಪೆಟ್ಟಿಗೆಯು ದಾರಿಯಲ್ಲಿ ಬಿದ್ದು ಒಡೆಯುವುದು ನಿಶ್ಚಯ. ಸಣ್ಣ ಪೆಟ್ಟಿಗೆಯಲ್ಲಿ ಪುಸ್ತಕ, ದೊಡ್ಡದರಲ್ಲಿ ಬಟ್ಟೆ, ಇದು ಕ್ರಮ. ಗಾಜು ಪಿಂಗಾಣಿಗಳಿಗೆ ಬೇರೆ ಹೊದಿಕೆಯನ್ನು ಕೊಂಡು ತರಬೇಕಾಗಿಲ್ಲ; ಹಳೆಯ ಸೀರೆ ಪಂಚೆಗಳೇ ಸಾಕು. ವಸತಿಗೂ ವಸ್ತ್ರಕ್ಕೂ ಧಾತುಗಳು ಬೇರೆಯಾದರೂ ರೂಪವು ಒಂದೇ ಎಂದು ನಾವು ಮಕ್ಕಳಿಗೆ ಪಾಠ ಹೇಳುತ್ತಿದ್ದೆವು. ಅವೆರಡರ ನಂಟು ಎಷ್ಟು ಹತ್ತಿರದ್ದೆಂಬುದು ಸಾಮಾನು ಕಟ್ಟುವ ದಿನ ತಿಳಿಯಿತು. ಉಪ್ಪಿನಕಾಯಿಯ ಜಾಡಿಯನ್ನು ಮಾತ್ರ ನಮ್ಮ ಮನೆಯವರು ಲಾರಿಗೆ ಒಪ್ಪಿಸಿದವರಲ್ಲ. ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬರುತ್ತಿದ್ದರು. ನಾವು ನಕ್ಕುದುಂಟು, ಆದರೆ 9 ಮನೆಗಳಲ್ಲಿಯೂ ಆ ಜಾಡಿಯು ಒಡೆಯಲಿಲ್ಲ.

ಶೀತಕಪೆಟ್ಟಿಗೆಯನ್ನು ನಿಲ್ಲಿಸಿಯೇ ಸಾಗಿಸಬೇಕು. ಇಳಿಸಿದ ಕೂಡಲೆ ವಿದ್ಯುತ್ತನ್ನು ಕೊಡದೆ ಕೆಲವು ಗಂಟೆಗಳ ಕಾಲ ಹಾಗೆಯೇ ಬಿಡಬೇಕು. ದೂರದ ಊರಿಗೆ ಹೋಗುವವರು ಅಡಿಗೆ ಅನಿಲದ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಹಳೆಯ ವಿತರಕರಿಗೆ ಒಪ್ಪಿಸಿ, ಠೇವಣಿಯನ್ನು ಹಿಂದಕ್ಕೆ ಪಡೆದು, ಅವರು ಕೊಡುವ ಚೀಟಿಯನ್ನು ಹೊಸ ಊರಿನಲ್ಲಿ ತೋರಿಸತಕ್ಕದ್ದು. ಒಲೆಯನ್ನು ಮಾತ್ರ ಜತೆಗೆ ಒಯ್ಯಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಮೊದಲನೆಯ ರಾತ್ರಿಯ ಗಂಟು. ಇದನ್ನು ಕೊನೆಯಲ್ಲಿ ಕಟ್ಟಿ, ಕೈಯಲ್ಲಿಯೇ ಹಿಡಿದುಕೊಂಡು ಹೋಗಬೇಕು. ದೇವರ ದೀಪ, ಬೆಂಕಿಪೊಟ್ಟಣ, ಹಾಲು ಉಕ್ಕಿಸುವ ಪಾತ್ರೆ, ಅಕ್ಕಿ, ಬೇಳೆ, ಹುಣಿಸೆಹಣ್ಣು, ಉಪ್ಪು, ಸಾರಿನ ಪುಡಿ, ಚೊಂಬು, ಚಾಪೆ, ನಿತ್ಯದ ಔಷಧ, ಸುತ್ತಿಗೆ, ಮೊಳೆ, ಹಗ್ಗ ಇವು ಅದರಲ್ಲಿ ಇರಬೇಕು. ಇವಲ್ಲದೆ ಎರಡು ವಿದ್ಯುದ್ದೀಪದ ಬಲ್ಬುಗಳೂ ಬೇಕು. ಮನೆ ಬಿಟ್ಟುಹೋಗುವವರು ಬಲ್ಬುಗಳನ್ನು ಬಿಚ್ಚಿಕೊಂಡು ಹೋಗುವುದು ವಾಡಿಕೆ. ನಾವೂ ಹಾಗೆಯೇ ಮಾಡಿದ್ದೇವೆಂದು ಒಪ್ಪಿಕೊಳ್ಳುತ್ತೇವೆ.

ಬಾಡಿಗೆಯ ಕರಾರಿನ ವಿಷಯವಾಗಿ ಒಂದು ಮಾತು. ಕರಾರನ್ನು 11 ತಿಂಗಳಿಗೇ ಏಕೆ ಬರೆಯುವರೆಂದು ಅನೇಕರು ಕೇಳುವರು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ತೊಡಕನ್ನೂ ವೆಚ್ಚವನ್ನೂ ತಪ್ಪಿಸುವುದಕ್ಕಾಗಿಯೇ ಈ ಪದ್ಧತಿ. ಮನೆಯನ್ನು ಪ್ರವೇಶಿಸಿದ ದಿನವೇ ಗೋಡೆಯ ಬಿರುಕು, ನಲ್ಲಿಯ ಸೋರಿಕೆ, ಮೀಟರಿನ ಅಂಕಿ ಇವುಗಳನ್ನು ಬರೆದು ಮಾಲೀಕರ ರುಜುವನ್ನು ಪಡೆಯುವುದು ಲೇಸು. ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವುದರಿಂದ ಭಾವಚಿತ್ರಗಳನ್ನೂ ತೆಗೆದಿಡಬಹುದು. ನಮಗೆ ಈ ಸೌಕರ್ಯವಿರಲಿಲ್ಲ. ನಾವು ಕಾಲಿಡುವುದಕ್ಕೆ ಮೊದಲೇ ಇದ್ದ ಬಿರುಕಿಗೆ ಒಬ್ಬ ಮಾಲೀಕರು ನಮ್ಮ ಮುಂಗಡದಿಂದ ಹಣವನ್ನು ಮುರಿದುಕೊಂಡರು. ಸಂಸ್ಕೃತ ಪಂಡಿತನ ವಾದವು ಅಲ್ಲಿ ನಡೆಯಲಿಲ್ಲ.

ಮಕ್ಕಳ ವರ್ಗಾವಣೆ ಪ್ರಮಾಣಪತ್ರವನ್ನು ಹೊರಡುವ ಮುನ್ನವೇ ಪಡೆಯಬೇಕು. ಆಧಾರ್ ಚೀಟಿಯ ವಿಳಾಸವನ್ನು ತಿದ್ದಿಸುವುದನ್ನೂ, ಮತದಾರರ ಪಟ್ಟಿಗಾಗಿ ನಮೂನೆ 8ನ್ನು ಸಲ್ಲಿಸುವುದನ್ನೂ ನಾಳೆಗೆಂದು ಮುಂದೂಡಬಾರದು.

ನೆರೆಯ ದಂಪತಿಗಳಿಗೆ ನಾವು ಹೇಳಿದುದು ಇಷ್ಟು. ಹೇಳದೆ ಉಳಿದುದು ಇನ್ನೊಂದಿದೆ.

2003ರಲ್ಲಿ ತೀರ್ಥಹಳ್ಳಿಯಿಂದ ಹೊರಡುವಾಗ ನಮ್ಮ ಮಗಳಿಗೆ 9 ವರ್ಷ. ಅವಳದು ಒಂದು ತಗಡಿನ ಡಬ್ಬಿಯಿದ್ದಿತು. ತುಂಗೆಯ ದಡದ ಕಲ್ಲುಗಳು, ಬಳೆಯ ಚೂರುಗಳು, ಹುಣಿಸೆಬೀಜ, ಯಾವುದೋ ಹರಕು ಕಾಗದ, ಇವು ಅದರಲ್ಲಿದ್ದುವು. ಹೊರೆ ಕಡಮೆಯಾಗಲೆಂದು ನಾವು ಅದನ್ನು ಕಸದೊಂದಿಗೆ ಹಿತ್ತಿಲಲ್ಲಿ ಸುರಿದೆವು. ಮಗು ನೋಡುತ್ತ ನಿಂತಿದ್ದಳು, ಅಳಲಿಲ್ಲ. ಬುದ್ಧಿವಂತೆ ಎಂದು ನಾವು ಸಂತೋಷಪಟ್ಟೆವು. ಕಳೆದ ವರ್ಷ ಅವಳು ತನ್ನ ಮಗುವಿನೊಡನೆ ಬಂದಿದ್ದಾಗ, ಹಪ್ಪಳದಂತಾದ ಆ ಅಮರಕೋಶವನ್ನು ನಾವು ಎಂದಿನಂತೆ ತೋರಿಸಿ ಮರುಗುತ್ತಿದ್ದೆವು. ಆಗ ಅವಳು ಮೆಲ್ಲಗೆ ಹೇಳಿದಳು: “ಅಪ್ಪಾ, ಆ ಡಬ್ಬಿಯ ಕಾಗದದಲ್ಲಿ ನನ್ನ ಗೆಳತಿಯ ವಿಳಾಸವಿತ್ತು. ಪತ್ರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ.”

ಆಗಲೇ ಏಕೆ ಹೇಳಲಿಲ್ಲವೆಂದು ಕೇಳಿದೆವು.

“ನೀವು ತುಂಬ ದಣಿದಿದ್ದಿರಿ,” ಎಂದಳು.

ನಾವು ಹಳೆಯ ಪರಿಚಿತರಿಗೆ ಕಾಗದ ಬರೆದು ವಿಚಾರಿಸಿದೆವು. ಆ ಹುಡುಗಿಯ ಮನೆಯವರಿಗೂ ವರ್ಗವಾಗಿ, ಬಹಳ ಹಿಂದೆಯೇ ಅವರು ಊರು ಬಿಟ್ಟಿದ್ದರೆಂದು ಉತ್ತರ ಬಂದಿತು.

ನೆರೆಮನೆಯವರು ನಿನ್ನೆ ಬೆಳಿಗ್ಗೆ ಹೊರಟರು. ಅವರ ಹುಡುಗನಿಗೆ ನಾವು ಮುಂಚಿನ ದಿನವೇ ಮುಚ್ಚಳವು ಭದ್ರವಾಗಿದ್ದ ಒಂದು ಬಿಸ್ಕತ್ತಿನ ಡಬ್ಬಿಯನ್ನು ಕೊಟ್ಟು, ಮೇಲೆ ಅವನ ಹೆಸರನ್ನು ದಪ್ಪಕ್ಷರದಲ್ಲಿ ಬರೆದಿದ್ದೆವು. ಅವನು ಅದನ್ನು ಲಾರಿಗೆ ಕೊಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತನು.