ಆರಡಿಯ ಕಡಲು

ಉಪ್ಪುನೀರಿನ ಮೀನುಗಳನ್ನು ಮನೆಯಲ್ಲಿ ಸಾಕುವವರು ನಮ್ಮ ಕಡೆ ವಿರಳ. ಬೆಂಗಳೂರಿನ ನಮ್ಮ ಮನೆಯಲ್ಲಿ ಮೂರಡಿಯ ಗಾಜಿನ ತೊಟ್ಟಿಯೊಂದು ಮೊದಲೇ ಇತ್ತು. ಅದಕ್ಕೊಂದು ಟ್ಯಾಂಗ್ ಮೀನು ಬೇಕೆಂದು ಮಗಳು ಕೇಳಿದಾಗ ನಾವು ಎರಡು ವರ್ಷ ಒಪ್ಪಲಿಲ್ಲ. ಅವಳ ಮನಸ್ಸಿನಲ್ಲಿದ್ದುದು 2003ರ ‘ಫೈಂಡಿಂಗ್ ನೀಮೊ’ ಚಿತ್ರದ ನೀಲಿ ಡೋರಿ. ಅಂಗಡಿಯಲ್ಲಿ ಅದು ಎರಡಂಗುಲದ ಮರಿ. ಬೆಳೆದರೆ ಸುಮಾರು ಒಂದಡಿ.

ಟ್ಯಾಂಗ್ ಹವಳದ ದಿಬ್ಬಗಳ ಜೀವಿ. ಬಾಲದ ಬುಡದ ಎರಡೂ ಬದಿಗೆ ಚೂರಿಯಂಥ ಮುಳ್ಳಿರುವುದರಿಂದ ಇಂಗ್ಲಿಷಿನಲ್ಲಿ ಇದರ ಕುಲಕ್ಕೆ ಶಸ್ತ್ರವೈದ್ಯನ ಹೆಸರೇ ಬಂದಿದೆ. ಹಳದಿ ಟ್ಯಾಂಗಂತೂ ಬೆಳಗಿನಿಂದ ಸಂಜೆಯವರೆಗೆ ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತ ಅಲೆಯುತ್ತದೆ. ಇಂಥ ಮೀನುಗಳಿಗೆ ಬಿಳಿಚುಕ್ಕೆ ರೋಗ ಬಹು ಬೇಗ ತಗಲುತ್ತದೆ. ಇಕ್ಕಟ್ಟಿನಲ್ಲಿಟ್ಟು ಬಳಲಿಸಿದರೆ ಇನ್ನೂ ಬೇಗ.

ನಮ್ಮನ್ನು ತಡೆದದ್ದು ಇದಕ್ಕಿಂತ ದೊಡ್ಡ ಮಾತು. ಹವಾಯಿಯ ಹಳದಿ ಟ್ಯಾಂಗುಗಳ ಕಿವಿಯೊಳಗಿನ ಹರಳನ್ನು ತೆಗೆದು, ಅದರ ಉಂಗುರಗಳನ್ನು ಮರದ ಉಂಗುರಗಳಂತೆ ಎಣಿಸಿದ ವಿಜ್ಞಾನಿಗಳು 40 ವರ್ಷ ದಾಟಿದ ಮೀನನ್ನೂ ಕಂಡಿದ್ದಾರೆ. ನಾವಿಬ್ಬರೂ ಐವತ್ತು ದಾಟಿದವರು. ನಮ್ಮ ನಂತರ ಅದನ್ನು ನೋಡಿಕೊಳ್ಳುವವರು ಯಾರು?

“ನಾನಿದ್ದೇನಲ್ಲ ಅಪ್ಪಾಜಿ” ಎಂದಳು ಮಗಳು.

“ಮದುವೆಯಾದ ಮೇಲೆ ಈ ತೊಟ್ಟಿಯನ್ನು ಯಾರ ಮನೆಗೆ ಹೊತ್ತೊಯ್ಯುವೆ?” ಎಂದರು ಅಜ್ಜಿ.

“ತೊಟ್ಟಿಗೆ ಜಾಗವಿರುವ ಮನೆಗೇ ಹೋಗುತ್ತೇನೆ” ಎಂದಳು. ಅವಳು ನಗುತ್ತಿರಲಿಲ್ಲ. ನಾವು ಒಪ್ಪಿದ್ದು ಅಂದೇ; ಆದರೆ ನೀಲಿಗಲ್ಲ, ಅದಕ್ಕಿಂತ ಚಿಕ್ಕದಾದ ಹಳದಿಗೆ.

ಆರಡಿಯ ತೊಟ್ಟಿ ನೆಲಮಾಳಿಗೆಯ ಗಟ್ಟಿ ನೆಲದ ಮೇಲೆ ಬಂತು. ಹಿಡಿಯುವ ನೀರು ಸುಮಾರು 650 ಲೀಟರ್. ಕೊಳವೆಬಾವಿಯ ನೀರು ಇದಕ್ಕಾಗದು, ಅಡುಗೆಯ ಉಪ್ಪೂ ಆಗದು. ಶುದ್ಧೀಕರಿಸಿದ ನೀರಿಗೆ ಲೀಟರಿಗೆ 35 ಗ್ರಾಂನಂತೆ ಕಡಲುಪ್ಪಿನ ಮಿಶ್ರಣ ಬೆರೆಸಿದೆವು. ಮೀನಿನ ಹೊಲಸಿನಿಂದಾಗುವ ಅಮೋನಿಯವನ್ನು ಕರಗಿಸುವ ಸೂಕ್ಷ್ಮಾಣುಗಳು ಬೆಳೆಯಲೆಂದು ಆರು ವಾರ ಹಾಗೆಯೇ ಬಿಟ್ಟೆವು. “ಮೀನಿಲ್ಲದ ನೀರಿಗೆ ಇಷ್ಟು ಉಪಚಾರವೇ!” ಎಂದು ಅಜ್ಜಿ ಆಡಿಕೊಂಡರು.

ಕಡಲಿನಿಂದ ಹಿಡಿದು ತಂದ ಮೀನು ಬೇಡವೆಂಬುದು ನಮ್ಮ ಇನ್ನೊಂದು ಹಠ. ಹವಾಯಿಯ ಸಂಶೋಧಕರು 2015ರಲ್ಲಿ ಹಳದಿ ಟ್ಯಾಂಗಿನ ಮರಿಗಳನ್ನು ತೊಟ್ಟಿಯಲ್ಲೇ ಬೆಳೆಸಿ ತೋರಿಸಿದರು. 2016ರಲ್ಲಿ ಫ್ಲಾರಿಡಾದಲ್ಲಿ ನೀಲಿಯದೂ ಸಾಧ್ಯವಾಯಿತು. ಹಾಗೆ ತೊಟ್ಟಿಯಲ್ಲಿ ಹುಟ್ಟಿದ ಮರಿ ಸಿಗುವವರೆಗೆ ಕಾದೆವು. ಬಂದ ಮೇಲೂ ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ಖಚಿತಪಡಿಸಿಕೊಂಡೆವು.

ಈಗ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಗಾಜಿಗೆ ಸಿಕ್ಕಿಸುವ ಕೆಲಸ ಅಜ್ಜಿಯದು. ಸೊಪ್ಪು ತಿನ್ನುವ ಮೀನೆಂದು ತಿಳಿದಂದಿನಿಂದ ಅವರಿಗೆ ಅದರ ಮೇಲೆ ಅಕ್ಕರೆ. ರಾತ್ರಿ ದೀಪವಾರಿಸಿದ ಮೇಲೆ ಅದರ ಹಳದಿ ಮಾಸಿ, ಮೈನಡುವೆ ಬಿಳಿಯ ಪಟ್ಟೆ ಮೂಡುತ್ತದೆ. ಅದು ಅದರ ನಿದ್ದೆಯ ಬಣ್ಣ. ಅಜ್ಜಿ ಮಾತ್ರ ಮಲಗುವ ಮುನ್ನ ಒಮ್ಮೆ ಬಗ್ಗಿ ನೋಡಿ, ಕಿವಿರು ಆಡುತ್ತಿದೆಯೆಂದು ಕಂಡೇ ಒಳಗೆ ಹೋಗುತ್ತಾರೆ.