ಅಮ್ಮನ ಅಂಗಳಕ್ಕೆ ಪರಿಮಳ

ಅಮ್ಮನಿಗೆ ಈಗ ಬೆಳಕು, ನೆರಳು ಇಷ್ಟೇ ಗೊತ್ತಾಗುವುದು. ಕಣ್ಣು ಮರಳಿ ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂಗಳಕ್ಕೆ ದಾಸವಾಳ ತರುವ ಮಾತೆತ್ತಿದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಮೂಗು ಇದೆಯಲ್ಲ ಮಾರಾಯ್ತಿ, ಪರಿಮಳದ್ದು ತಾ."

ಹಾಗೆ ಜೂನ್ ತಿಂಗಳ ಒಂದು ಬೆಳಿಗ್ಗೆ ಮಗಳೂ ನಾನೂ ಉಡುಪಿಯಿಂದ ಹೊರಟು, ಕಟಪಾಡಿಯಲ್ಲಿ ಬಸ್ಸಿಳಿದು ಶಂಕರಪುರದ ಒಳದಾರಿ ಹಿಡಿದೆವು. ಉಡುಪಿ ಮಲ್ಲಿಗೆಯ ಊರು ಅದು. ಮನೆಯೆದುರಿನ ನಾಲ್ಕು ಹೆಜ್ಜೆ ಜಾಗದಲ್ಲೂ ಮಲ್ಲಿಗೆ ಗಿಡಗಳ ಸಾಲು. ಒಂದು ಜಗಲಿಯಲ್ಲಿ ಅಜ್ಜಿಯೊಬ್ಬರು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದರು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದರು. ಮಗಳು ಬೆರಳು ಮಡಚಿ "3,200!" ಎಂದು ಕೂಗಿದಳು. ಅಜ್ಜಿಯ ಬೆರಳು ಮಾತ್ರ ನಿಲ್ಲಲಿಲ್ಲ.

ನಮ್ಮ ವಿಷಯ ಕೇಳಿ ಅಜ್ಜಿ ಮೊದಲು ಕೇಳಿದ್ದು, "ಬಿಸಿಲು ಎಲ್ಲಿ ಬೀಳ್ತದೆ?" ಎಂದು. ತೆಂಗಿನ ನೆರಳಲ್ಲಿ ಮಲ್ಲಿಗೆ ನೆಟ್ಟರೆ ಎಲೆ ಬರ್ತದೆ, ಹೂ ಬರ್ಲಿಕ್ಕಿಲ್ಲ. ಬುಡದಲ್ಲಿ ನೀರು ನಿಂತರೆ ಬೇರು ಕೊಳೀತದೆ. ಸಂಪಿಗೆ ನನಗೆ ಬಹಳ ಆಸೆಯಿತ್ತು. "ಅದು ಮರ, ಗೋಡೆಯ ಹತ್ತಿರ ಬೇಡ" ಎಂದುಬಿಟ್ಟರು. ರಾತ್ರಿರಾಣಿಯನ್ನು ನಾನೇ ಬಿಟ್ಟೆ. ಕಿಟಕಿಯ ಬಳಿಯಿದ್ದರೆ ಕೆಲವರಿಗೆ ತಲೆನೋವು. ಅದರ ಕಾಯಿ ವಿಷ, ಮನೆಯಲ್ಲಿ ಮಗುವಿದೆ.

ಹೊರಡುವಾಗ ಅಜ್ಜಿ ಮಲ್ಲಿಗೆಯ ಎರಡು ಗೆಲ್ಲುಗಳ ಜೊತೆ, ಹಿತ್ತಿಲ ಪಾರಿಜಾತದ ಬುಡದಲ್ಲಿ ಹುಟ್ಟಿದ ಒಂದು ಸಸಿಯನ್ನೂ ಕಿತ್ತು ಕೊಟ್ಟರು. "ಇದನ್ನು ಕೊಯ್ಯಲಿಕ್ಕಿಲ್ಲ, ತಾನೇ ಬೀಳ್ತದೆ. ಕಣ್ಣಿಲ್ಲದವರಿಗೂ ಸಿಗ್ತದೆ."

ಬಸ್ಸಿನಲ್ಲಿ ಮಗಳ ಪ್ರಶ್ನೆ: ಮಲ್ಲಿಗೆ, ಪಾರಿಜಾತ ಎಲ್ಲ ಬಿಳಿಯೇ ಯಾಕೆ? ಕತ್ತಲಲ್ಲಿ ಹೂ ಹುಡುಕಿ ಬರುವ ಪತಂಗಗಳಿಗೆ ಬಿಳಿ ಬೇಗ ಕಾಣುತ್ತದೆ, ಪರಿಮಳ ದೂರದಿಂದಲೇ ಕರೆಯುತ್ತದೆ ಎಂದೆ. "ಅಜ್ಜಿಯ ಹಾಗೆ" ಎಂದಳು.

ಮಲ್ಲಿಗೆಯಿಂದ ಸಂಜೆ, ಪಾರಿಜಾತದಿಂದ ಬೆಳಗು ಅಮ್ಮನಿಗೆ ತಿಳಿಯಲಿ ಎಂಬುದು ನನ್ನ ಲೆಕ್ಕಾಚಾರ. ಮರುವರ್ಷದ ನವರಾತ್ರಿಯ ಹೊತ್ತಿಗೆ ಪಾರಿಜಾತ ಮೊದಲ ಹೂ ಬಿಟ್ಟಿತು. "ಬೆಳಗಾಯ್ತು, ಕಾಫಿಗೆ ನೀರಿಡು" ಎಂದು ಅಮ್ಮ ಎಬ್ಬಿಸಿದರು. ನೋಡಿದರೆ ರಾತ್ರಿ ಎರಡೂವರೆ! ಪಾರಿಜಾತ ಕತ್ತಲಾದ ಮೇಲೆಯೇ ಅರಳುತ್ತದೆ, ಬೀಳುವುದು ಮಾತ್ರ ಬೆಳಗಿನ ಜಾವ. ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಅಮ್ಮ ತಾವೇ ದಾರಿ ಕಂಡುಕೊಂಡರು. ಈಗ ಗಿಡದ ಬುಡಕ್ಕೆ ಹಳೇ ಸೀರೆ ಹಾಸಿಸುತ್ತಾರೆ. ಎಚ್ಚರವಾದಾಗ ಗೋಡೆ ಹಿಡಿದು ಬಂದು ಸೀರೆಯ ಮೇಲೆ ಕೈಯಾಡಿಸುತ್ತಾರೆ. ಹೂ ಸಿಗದಿದ್ದರೆ ಮರಳಿ ಹೋಗಿ ಮಲಗುತ್ತಾರೆ. ಸಿಕ್ಕರೆ, ನನಗೆ ಕಾಫಿಯ ಕರೆ.