ತಿರಿ ಇಲ್ಲದ ಅಂಗಳ

ಉಡುಪಿಯಿಂದ ಕುಂದಾಪುರಕ್ಕೆ ಹೊರಟ ಬಸ್ಸು ಕೋಟ ದಾಟಿದ ಮೇಲೆ ತೆಕ್ಕಟ್ಟೆಯಲ್ಲಿ ನಿಲ್ಲುತ್ತದೆ. ಹೆಚ್ಚಿನ ಪ್ರಯಾಣಿಕರಿಗೆ ಇದು ಕುಂಭಾಶಿಯ ಆನೆಗುಡ್ಡೆಗಿಂತ ಮೊದಲು ಸಿಗುವ ಒಂದು ಪೇಟೆ, ಅಷ್ಟೆ. ಚತುಷ್ಪಥ ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಸ್ವಲ್ಪ ನಡೆದರೆ ಗದ್ದೆ, ತೆಂಗು, ಹಂಚಿನ ಮಾಡುಗಳ ಇನ್ನೊಂದು ಊರು ಕಾಣುತ್ತದೆ.

ಇಲ್ಲಿಯ ಹಳೆಯ ಮನೆಯನ್ನು ನೋಡಹೊರಟವರು ಅಂಗಳದಿಂದ ಆರಂಭಿಸಬೇಕು. ಮಳೆಗಾಲ ಮುಗಿದೊಡನೆ ಮಣ್ಣಿನ ಅಂಗಳವನ್ನು ಸಮ ಮಾಡಿ, ಬಡಿದು, ಸೆಗಣಿ ಸಾರಿಸುತ್ತಿದ್ದರು. ಕೊಯ್ಲಿನ ಹೊರೆಗಳು ಬಂದು ಬೀಳುತ್ತಿದ್ದುದು ಅಲ್ಲಿಗೆ. ಹಡಿಮಂಚಕ್ಕೆ ಬಡಿದು ಭತ್ತ ಉದುರಿಸಿದ ಮೇಲೆ ಹುಲ್ಲು ಕುತ್ರಿಯಾಗುತ್ತಿತ್ತು, ಭತ್ತ ತಿರಿಯಾಗುತ್ತಿತ್ತು. ತಿರಿ ಎಂದರೆ ಅಂಗಳದ ಕಣಜ. ಹುಲ್ಲು ಹಾಸಿದ ಎತ್ತರದ ನೆಲೆಯ ಮೇಲೆ ಭತ್ತ ಸುರಿಯುತ್ತ, ಸುತ್ತಲೂ ಹುಲ್ಲಿನ ಹಗ್ಗ ಬಿಗಿಯುತ್ತ ಮೇಲೇರಿ, ಕೊನೆಗೆ ಹುಲ್ಲಿನ ಟೋಪಿ ಹೊದಿಸುವುದು. ಹುಲ್ಲು ಒಳಗಿನ ತೇವವನ್ನು ಹೊರಬಿಡುತ್ತದೆ, ಹೊರಗಿನ ನೀರನ್ನು ಜಾರಿಸಿಬಿಡುತ್ತದೆ. ಗಟ್ಟಿ ಹೊಟ್ಟಿನೊಳಗಿರುವ ಕಾಳಿಗೆ ಹುಳುವಿನ ಕಾಟವೂ ಕಡಿಮೆ. ಅಕ್ಕಿಯಾದ ಮೇಲೆ ಅದೇ ಹುಲ್ಲಿನಲ್ಲಿ ಮುಡಿ ಕಟ್ಟುತ್ತಿದ್ದರು. ಮುಡಿಗೆ ಸಾಮಾನ್ಯವಾಗಿ 42 ಸೇರಿನ ಲೆಕ್ಕ. ಮನೆಯ ಅನುಕೂಲ ಎಷ್ಟೆಂದು ಹೊರಗಿನವರು ತಿರಿ ನೋಡಿಯೇ ಅಳೆಯುತ್ತಿದ್ದರು. ಹೆಣ್ಣು ಕೊಡುವವರಂತೂ ನೋಡದೆ ಇರುತ್ತಿದ್ದರೇ!

ಉಳಿದ ಮನೆಯೆಲ್ಲ ಮಳೆಗೆ ಹೆದರಿ ಕಟ್ಟಿದ್ದು. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಸೀಮೆ ಇದು. ಆದ್ದರಿಂದ ಇಳಿಜಾರು ಮಾಡು, ಉದ್ದಕ್ಕೆ ಚಾಚಿದ ಸೂರು. ಗೋಡೆಗೆ ಮಣ್ಣು ಇಲ್ಲವೆ ಮುರಕಲ್ಲು. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಣಗಿದಂತೆ ಗಟ್ಟಿಯಾಗುವ ಈ ಕಲ್ಲನ್ನು ಕಂಡು ಬೆರಗಾದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಮಾಡಿಗೆ ಮೊದಲು ಹುಲ್ಲು ಅಥವಾ ಹೆಣೆದ ಮಡಲು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಅನುಕೂಲಸ್ಥರ ಮನೆಗಳಿಗೆ ಹಂಚು ಬಂತು. ಬಡವರ ಮನೆಗೆ ಅದು ತಲುಪಲು ಬಹಳ ಕಾಲ ಹಿಡಿಯಿತು.

ಹಬ್ಬಗಳೂ ಭತ್ತವನ್ನೇ ಸುತ್ತುತ್ತಿದ್ದವು. ಹೊಸ್ತಿನ ದಿನ ಗದ್ದೆಯಿಂದ ಕದಿರು ತಂದು, ಮಾವು ಹಲಸಿನ ಎಲೆಯೊಡನೆ ಕಂಬಕ್ಕೆ, ನೇಗಿಲಿಗೆ, ತಿರಿಗೆ ಕಟ್ಟಿ, ಹೊಸ ಅಕ್ಕಿ ಬೆರೆಸಿದ ಅನ್ನ ಉಣ್ಣುವುದು. ಊಟಕ್ಕೆ ಮೊದಲು ಕಿರಿಯರು ಹಿರಿಯರ ಕಾಲಿಗೆರಗಿ ‘ಹೊಸ್ತು ಉಣ್ತೆ’ ಎಂದು ಅಪ್ಪಣೆ ಕೇಳಬೇಕು. ದೀಪಾವಳಿಗೆ ಗದ್ದೆಗೆ ದೀಪ ಇಟ್ಟು ಬಲಿಯೇಂದ್ರನಿಗೆ ‘ಕೂ’ ಹಾಕುವುದು. ನವರಾತ್ರಿಯಲ್ಲಿ ಹೂವಿನಕೋಲು ಹಿಡಿದ ಮಕ್ಕಳು ಭಾಗವತ, ಮದ್ದಳೆಯವರೊಂದಿಗೆ ಬಂದು ಚಾವಡಿಯಲ್ಲಿ ಎದುರುಬದುರು ಕುಳಿತು ಯಕ್ಷಗಾನದ ಅರ್ಥ ಹೇಳುತ್ತಿದ್ದರು, ಅಕ್ಕಿ ಕಾಯಿ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ನಿಂತುಹೋಗುವಂತಿದ್ದ ಈ ಕಲೆಯನ್ನು ಕೊಮೆ ತೆಕ್ಕಟ್ಟೆಯ ಯಶಸ್ವೀ ಕಲಾವೃಂದ ಮಕ್ಕಳಿಗೆ ಕಲಿಸಿ ಮತ್ತೆ ಮನೆಗಳಿಗೆ ಕರೆತಂದಿರುವುದು ಸಣ್ಣ ಕೆಲಸವಲ್ಲ.

ತಿರಿ ಏಕೆ ಹೋಯಿತು? 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಅದು ನ್ಯಾಯವೇ. ದೊಡ್ಡ ತಿರಿಗಳಲ್ಲಿ ಎಷ್ಟೋ ಪಾಲು ಗೇಣಿಯ ಭತ್ತವೇ ಇತ್ತೆಂಬುದನ್ನು ಮರೆತು ಹಳೆಯ ಕಾಲವನ್ನು ಹೊಗಳುವವರು ಆ ಭತ್ತ ಬೆಳೆದವರ ಮಡಲಿನ ಗುಡಿಸಲನ್ನೂ ನೆನೆಯಬೇಕು. ಆಮೇಲೆ ಕೂಡುಕುಟುಂಬಗಳು ಪಾಲಾದವು, ಮಕ್ಕಳು ಮುಂಬಯಿ, ಬೆಂಗಳೂರಿನ ಹೋಟೆಲುಗಳಿಗೆ ಹೋದರು, ಕೂಲಿ ದುಬಾರಿಯಾಯಿತು, ಕೊಯ್ಲಿನ ಯಂತ್ರ ಬಂತು. ಯಂತ್ರ ಗದ್ದೆಯಲ್ಲೇ ಭತ್ತ ಬೇರ್ಪಡಿಸುವುದರಿಂದ ಹಡಿಮಂಚಕ್ಕೆ ಕೆಲಸವಿಲ್ಲ. ಭತ್ತ ನೇರ ಮಿಲ್ಲಿಗೆ ಹೋಗುವುದರಿಂದ ತಿರಿಗೂ ಕೆಲಸವಿಲ್ಲ.

ಇಂಗ್ಲೆಂಡಿನಲ್ಲಿ ಹುಲ್ಲಿನ ಮಾಡಿನ ಎಷ್ಟೋ ಹಳ್ಳಿಮನೆಗಳು ಕಾನೂನಿನ ರಕ್ಷಣೆಯ ಪಟ್ಟಿಯಲ್ಲಿವೆ. ಅನುಮತಿಯಿಲ್ಲದೆ ಒಡೆಯನೂ ಅವುಗಳ ರೂಪ ಬದಲಿಸುವಂತಿಲ್ಲ. ನಮ್ಮಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾದ ಜಾಗ ಅದು. ಆದರೆ ಅಲ್ಲಿಯ ಅಂಗಳಕ್ಕೆ ಯಾವ ಗದ್ದೆಯಿಂದಲೂ ಹೊರೆ ಬರುವುದಿಲ್ಲ.

ತೆಕ್ಕಟ್ಟೆಯಲ್ಲಿ ಹೊಸ್ತು ಇನ್ನೂ ನಡೆಯುತ್ತಿದೆ. ಗದ್ದೆ ಹಡಿಲು ಬಿಟ್ಟವರು ನೆರೆಯವರ ಗದ್ದೆಯಿಂದಲೋ ದೇವಸ್ಥಾನದಿಂದಲೋ ನಾಲ್ಕು ಕದಿರು ತರುತ್ತಾರೆ. ತಾರಸಿ ಮನೆಗೆ ಮರದ ಕಂಬವಿಲ್ಲ, ನೇಗಿಲಂತೂ ಇಲ್ಲ. ಬಾಗಿಲಿನ ಚಿಲಕಕ್ಕೆ ಒಂದು, ಗ್ರೈಂಡರಿಗೆ ಒಂದು, ಬೈಕಿನ ಹ್ಯಾಂಡಲ್ಲಿಗೆ ಒಂದು ಕಟ್ಟುತ್ತಾರೆ.